ಬಿತ್ತುವ ಕೈಯ ದಯೆ

ಒತ್ತಾಗಿ ಹುಟ್ಟಿದ ಸಸಿಗಳಲ್ಲಿ ಕೆಲವನ್ನು ಉಳಿಸುವುದಕ್ಕಾಗಿ ಮತ್ತೆ ಕೆಲವನ್ನು ತೆಗೆದುಹಾಕುವುದು ದಯೆಯೋ ನಿರ್ದಯೆಯೋ? ಪ್ರಶ್ನೆಯು ಮೇಲುನೋಟಕ್ಕೆ ಅಲ್ಪವೆಂದು ತೋರಬಹುದು. ಆದರೆ ದಯೆಯನ್ನು ಸಕಲ ಜೀವಿಗಳಿಗೂ ಸಲ್ಲಿಸಬೇಕೆಂದು 12ನೆಯ ಶತಮಾನದ ಶರಣರು ಬೋಧಿಸಿದರು. ಆ ಬೋಧೆಯನ್ನು ನೆಚ್ಚಿ ನಡೆಯುವ ಗೃಹಸ್ಥನಿಗೆ ಅಲ್ಪವೆಂಬ ಪ್ರಾಣವಿಲ್ಲ. ಸಸಿಯ ತಟ್ಟೆಯ ಮುಂದೆ ಏಳುವ ಈ ಸಂದೇಹವು ಸಂಸಾರದ ದೊಡ್ಡ ವ್ಯವಹಾರಗಳಲ್ಲಿಯೂ ಏಳತಕ್ಕುದೇ ಆಗಿದೆ.

ಪೂಜೆಗೆ ಹೂವನ್ನೂ ಅಡುಗೆಗೆ ಸೊಪ್ಪನ್ನೂ ಮನೆಯಲ್ಲಿಯೇ ಬೆಳೆದುಕೊಳ್ಳಬೇಕೆಂದು ಹೊಸಬನೊಬ್ಬನು ಬಯಸಿದನೆಂದು ಭಾವಿಸೋಣ. ಮಳೆಗಾಲದ ಮೊದಲಲ್ಲಿ ಬಯಲಿಗೆ ಬಿತ್ತಿದ ಸಣ್ಣ ಬೀಜಗಳು ಜಡಿಮಳೆಗೆ ಕೊಚ್ಚಿಹೋಗುವುದುಂಟು. ಇರುವೆಗಳ ಪಾಲಾಗುವುದೂ ಉಂಟು. ಆದುದರಿಂದ ಪಡಸಾಲೆಯಲ್ಲಿ, ಕಿಟಕಿಯ ಬೆಳಕು ಬೀಳುವೆಡೆಯಲ್ಲಿ, ತಳದಲ್ಲಿ ರಂಧ್ರಗಳಿರುವ ತಟ್ಟೆಯಲ್ಲಿ ಸಸಿ ಎಬ್ಬಿಸುವುದು ಯುಕ್ತ. ಜರಡಿಯಾಡಿದ ಮಣ್ಣು, ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರ ಇವಿಷ್ಟಿದ್ದರೆ ಸಾಕು. ಬೀಜವನ್ನು ಅದರ ದಪ್ಪದ ಎರಡು ಮೂರರಷ್ಟು ಆಳಕ್ಕಿಂತ ಹೆಚ್ಚಾಗಿ ಹೂಳಬಾರದು. ಕಾಮಕಸ್ತೂರಿಯ ಬೀಜವು ನೀರು ತಾಗಿದೊಡನೆ ಲೋಳೆಯನ್ನು ಹೊದ್ದು ಉಬ್ಬುತ್ತದೆ. ಅದಕ್ಕೆ ತೆಳುವಾದ ಮಣ್ಣಿನ ಹೊದಿಕೆಯೇ ಸಾಕು. ಚೆಂಡುಹೂವು ಸಾಮಾನ್ಯವಾಗಿ ಒಂದು ವಾರದಲ್ಲಿ ಮೊಳೆಯುತ್ತದೆ. ಕೊತ್ತಂಬರಿಯ ಒಂದು ಕಾಳಿನಲ್ಲಿ ಎರಡು ಬೀಜಗಳಿರುತ್ತವೆ. ತಾಯಿಬೇರನ್ನು ಕದಲಿಸಿದರೆ ಅದು ಸಹಿಸದಾದ ಕಾರಣ, ಬೆಳೆಯತಕ್ಕ ಕುಂಡದಲ್ಲಿಯೇ ಅದನ್ನು ಬಿತ್ತುವುದು ಲೇಸು.

ಇಷ್ಟನ್ನು ತಿಳಿದವನೂ ಒಂದೆಡೆಯಲ್ಲಿ ಎಡವುತ್ತಾನೆ. ಅವನಿಗೆ ಬೇಕಾದುದು ಹತ್ತು ಗಿಡ. ತಟ್ಟೆಗೆ ಬೀಳುವುದು ನೂರು ಬೀಜ. ಎಲ್ಲವೂ ಮೊಳೆಯಲಾರವೆಂಬ ಸಂಶಯ ಒಂದು ಕಡೆ, ಮೊಳೆತಷ್ಟೂ ಲಾಭವೆಂಬ ಆಸೆ ಇನ್ನೊಂದು ಕಡೆ ಕೈಯನ್ನು ಸಡಿಲಗೊಳಿಸುತ್ತವೆ. ವಾರ ಕಳೆಯುವಷ್ಟರಲ್ಲಿ ತಟ್ಟೆಯ ತುಂಬ ಹಸುರು ಜಮಖಾನೆ ಹಾಸಿದಂತಾಗುತ್ತದೆ. ನೋಡಿದವರು ಹಿಗ್ಗುತ್ತಾರೆ.

ಆ ಹಿಗ್ಗು ಬಹುಕಾಲ ನಿಲ್ಲುವುದಿಲ್ಲ. ಬೆಳಕು ಸಸಿಗಳಿಗೆ ಆಹಾರದ ದಾರಿ. ಹುಲ್ಲಿನ ಮೊಳಕೆಯಲ್ಲಿ ಬೆಳಕನ್ನರಿಯುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ ಎಂಬುದನ್ನು ಚಾರ್ಲ್ಸ್ ಡಾರ್ವಿನ್ ತನ್ನ ಮಗನಾದ ಫ್ರಾನ್ಸಿಸನೊಡನೆ ಪರೀಕ್ಷಿಸಿ 1880ರಲ್ಲಿ ಪ್ರಕಟಿಸಿದನು. ಇಕ್ಕಟ್ಟಿನಲ್ಲಿರುವ ಸಸಿಗಳೂ ಬೆಳಕನ್ನೇ ಅರಸಿ ಒಂದನ್ನೊಂದು ಮೀರಿ ಚಾಚಿಕೊಳ್ಳುತ್ತವೆ; ದಂಟು ನೀಳವಾಗಿ ಬಿಳಿಚಿ ಬಲಗುಂದುತ್ತದೆ. ನಡುವೆ ಗಾಳಿಯಾಡದೆ ತೇವ ನಿಲ್ಲುತ್ತದೆ. ಆಗ ಶಿಲೀಂಧ್ರದಿಂದ ಬರುವ ಸಸಿಕೊಳೆರೋಗವು ಮಣ್ಣಿನ ಮಟ್ಟದಲ್ಲಿ ದಂಟನ್ನು ಹಿಡಿಯುತ್ತದೆ. ಸಂಜೆ ನೆಟ್ಟಗಿದ್ದ ಸಸಿ ಬೆಳಗಾಗುವಷ್ಟರಲ್ಲಿ ಒರಗಿರುತ್ತದೆ. ರೋಗವು ನೆರೆಯ ಸಸಿಗೂ ಹಬ್ಬುತ್ತದೆ. ಒಂದನ್ನೂ ಕೀಳಲಾರೆನೆಂದು ಮರುಗಿದವನು ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಇದು ದಯೆಯಂತೆ ತೋರುವ ದೌರ್ಬಲ್ಯವೇ ಹೊರತು ದಯೆಯಲ್ಲ.

ಹಾಗಾದರೆ ಮರುಗದೆ ಕೀಳುವವನು ಸರಿಯೆ? ನಿತ್ಯವೂ ಸೊಪ್ಪನ್ನು ಕೊಯ್ದು ಉಣ್ಣುವ ಮನೆಯಲ್ಲಿ ಎಳೆಸಸಿಯ ಚಿಂತೆಯೇಕೆಂದು ಕೆಲವರು ಆಕ್ಷೇಪಿಸಬಹುದು. ಉಣ್ಣುವುದಕ್ಕೆಂದು ಬೆಳೆದ ಸೊಪ್ಪು ತನ್ನ ಪ್ರಯೋಜನವನ್ನು ಮುಟ್ಟುತ್ತದೆ. ಆದರೆ ಎಸೆಯುವುದಕ್ಕಾಗಿಯೇ ಎಬ್ಬಿಸಿದ ಸಸಿ ಯಾವ ಪ್ರಯೋಜನವನ್ನು ಮುಟ್ಟಿತು? ಇಲ್ಲಿ ದೋಷವಿರುವುದು ಕೀಳುವ ಕೈಯಲ್ಲಲ್ಲ, ಬಿತ್ತಿದ ಕೈಯಲ್ಲಿ. ಕೀಳುವಾಗ ಎದ್ದ ಮರುಕವು ಬಿತ್ತುವಾಗಲೇ ಎದ್ದಿದ್ದರೆ ಕೀಳುವ ಪ್ರಸಂಗವೇ ಬಹುಮಟ್ಟಿಗೆ ತಪ್ಪುತ್ತಿತ್ತು. ಆದುದರಿಂದ ದಯೆಯ ಮೊದಲ ರೂಪವು ಮಿತವೇ ಆಗಿದೆ. ಹತ್ತು ಗಿಡ ಬೇಕಾದವನು ಹದಿನೈದು ಬೀಜಗಳನ್ನು ಎಣಿಸಿ, ನಡುವೆ ಎರಡು ಬೆರಳಗಲ ಬಿಟ್ಟು ಬಿತ್ತಲಿ.

ಆದರೂ ಕೆಲವು ಹೆಚ್ಚಾಗುತ್ತವೆ. ಬೀಜದಳದ ಮೇಲೆ ನಿಜವಾದ ಎಲೆಗಳು ಮೂಡಿದ ಮೇಲೆ, ದಂಟನ್ನು ಹಿಸುಕದೆ ಎಲೆಯನ್ನು ಹಿಡಿದು, ಬೇರಿನೊಡನೆ ಎತ್ತಿ ಬೇರೆ ಕುಂಡಗಳಿಗೆ ಸಾಗಿಸಬಹುದು. ತನ್ನ ಮನೆಗೆ ಮೀರಿದುದು ನೆರೆಮನೆಗೆ ಸಲ್ಲಬೇಕು. ಕಾಯಕದ ಫಲವು ದಾಸೋಹದಲ್ಲಿ ಪೂರ್ಣಗೊಳ್ಳುವುದೆಂಬ ತತ್ತ್ವವು ಇಲ್ಲಿಗೂ ಅನ್ವಯಿಸುತ್ತದೆ. ಆದರೆ ಬಲವಾದುವನ್ನು ತಾನಿಟ್ಟುಕೊಂಡು ಬಡಕಲಾದುವನ್ನು ಹಂಚುವುದು ದಾಸೋಹವಲ್ಲ, ಕಸವನ್ನು ಸಾಗಹಾಕುವ ಉಪಾಯ. ತಾನು ಉಳಿಸಿಕೊಂಡುದಕ್ಕೆ ಸಮಾನವಾದುದನ್ನೇ ಕೊಡಬೇಕು. ಕೊಟ್ಟೂ ಉಳಿದ ಕಾಮಕಸ್ತೂರಿ, ಕೊತ್ತಂಬರಿಗಳ ಎಳೆಸಸಿ ಅಡುಗೆಗೆ ಒದಗುತ್ತದೆ. ತೆಗೆಯಲೇಬೇಕಾದುದನ್ನು ಕಿತ್ತರೆ ಪಕ್ಕದ ಬೇರು ಕದಲುವುದರಿಂದ, ಕತ್ತರಿಯಿಂದ ಬುಡದಲ್ಲಿ ಕತ್ತರಿಸುವುದು ಉತ್ತಮ.

ಉಳಿಸಿಕೊಂಡ ಸಸಿಗಳ ಹೊಣೆ ಅಲ್ಲಿಗೆ ಮುಗಿಯದು. ನೆರಳಿನಲ್ಲಿ ಬೆಳೆದುದನ್ನು ಒಮ್ಮೆಲೆ ಬಿಸಿಲಿಗಿಟ್ಟರೆ ಬಾಡುತ್ತದೆ. ಒಳಗೇ ಇಟ್ಟುಕೊಂಡರೆ ಬಲಿಯದು. ಒಂದು ವಾರ ಹತ್ತು ದಿನ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಾಗಿ, ಬಿಸಿಲುಗಾಳಿಗಳಿಗೆ ಪಳಗಿಸಬೇಕು. ಇಷ್ಟು ದುಡಿಮೆ ಹತ್ತು ಸಸಿಗೆ ಸಾಧ್ಯ, ನೂರಕ್ಕೆ ಅಸಾಧ್ಯ.

ಹತ್ತು ಜನರಿಗೆ ಮಾತು ಕೊಟ್ಟು ಒಬ್ಬರಿಗೂ ನಡೆಸಲಾರದ ಗೃಹಸ್ಥನು ಸುಳ್ಳುಗಾರನೇನೂ ಅಲ್ಲ. ಕೊಡುವಾಗ ಅವನ ಮನಸ್ಸು ಮೃದುವಾಗಿಯೇ ಇತ್ತು. ಆದರೆ ಎಣಿಸದೆ ಬಿತ್ತಿದ ಆ ಮಾತುಗಳಲ್ಲಿ ಯಾವುದನ್ನು ಕೀಳಬೇಕೆಂಬ ಸಂಕಟವು ಮುಂದೆ ಅವನದೇ ಆಗುತ್ತದೆ. ಬಾಡುವ ದುಃಖವು ಮಾತ್ರ ನಂಬಿದವರ ಪಾಲಾಗುತ್ತದೆ. ಸಲಹಲು ಸಾಧ್ಯವಾದಷ್ಟನ್ನೇ ಬಿತ್ತಿ, ಬಿತ್ತಿದುದನ್ನು ಕೊನೆಮುಟ್ಟ ಸಲಹುವವನು ದಯಾವಂತನು.