ಅಂಗೈ ಮೀರಿದ ಫೋನು

ಹೂವಿನಂಗಡಿಯಲ್ಲಿ ಮಲ್ಲಿಗೆಯನ್ನು ಇವತ್ತಿಗೂ ಮೊಳದ ಲೆಕ್ಕದಲ್ಲಿ ಕೊಡುತ್ತಾರೆ. ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದ. ಯಾರ ಮೊಣಕೈ ಎಂಬಲ್ಲಿ ಚೌಕಾಸಿ ಶುರುವಾಗುತ್ತದೆ. ಮಾರುವಾಕೆಯ ಕೈ ಗಿಡ್ಡವೆಂದು ಕೊಳ್ಳುವವರು ಗೊಣಗುತ್ತಾರೆ, ಆಕೆ ನಾಲ್ಕು ಹೂ ಹೆಚ್ಚು ಬಿಟ್ಟು ಕತ್ತರಿಸುತ್ತಾಳೆ. ಗೇಣು, ಮಾರು, ಹಿಡಿ, ಬೊಗಸೆ, ಚಿಟಿಕೆ ಎಲ್ಲವೂ ಹೀಗೆ ಮೈಯಿಂದ ಹುಟ್ಟಿದ ಅಳತೆಗಳೇ. ನಿಖರತೆ ಕಡಿಮೆ. ಆದರೆ ಅಳತೆಗೋಲಾಗಿರುವ ಮೈ ಯಾರದೆಂಬುದು ಕಣ್ಣೆದುರಿಗೇ ಇರುತ್ತದೆ. ಬೇಕಾದರೆ ಜಗಳವನ್ನೂ ಆಡಬಹುದು.

ಫೋನಿನ ಪರದೆಯನ್ನು ಅಳೆಯುವುದು ಇಂಚಿನಲ್ಲಿ, ಅದೂ ಕರ್ಣದಲ್ಲಿ, ಒಂದು ಮೂಲೆಯಿಂದ ಎದುರು ಮೂಲೆಗೆ. ಯಾವ ಕೈಯೂ ಫೋನನ್ನು ಕರ್ಣದುದ್ದಕ್ಕೆ ಹಿಡಿಯುವುದಿಲ್ಲ. (ಕರ್ಣವೆಂದರೆ ಕಿವಿಯೂ ಹೌದು. ಒಂದು ಕಾಲಕ್ಕೆ ಕಿವಿಯ ಸೊತ್ತಾಗಿದ್ದ ವಸ್ತು ಈಗ ಇನ್ನೊಂದು ಕರ್ಣದ ಪಾಲಾಗಿದೆ.) ನನ್ನ ಐದು ವರ್ಷದ ಹಳೆಯ ಫೋನಿಗೆ ಇನ್ನು ಸಾಫ್ಟ್‌ವೇರ್ ಅಪ್‌ಡೇಟ್ ಬರುವುದಿಲ್ಲವೆಂದು ಗೊತ್ತಾದ ಮೇಲೆ ಹೊಸದರ ಹುಡುಕಾಟ ಶುರುವಾಯಿತು. ಹಾಸ್ಟೆಲಿನ ಗೆಳತಿಯೊಬ್ಬಳ ಬಳಿ 6.8 ಇಂಚಿನದಿದೆ. ಎರಡು ದಿನ ಅದನ್ನು ಇಟ್ಟುಕೊಂಡು ನೋಡಿದೆ. ದಿನಬಳಕೆಗೆ ಇದು ಆಗುತ್ತಾ ಎಂದು ಕೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಒಂದೇ: "ಒಗ್ಗಿಹೋಗುತ್ತೆ ಬಿಡೇ."

ಅವಳು ಹೇಳಿದ್ದು ನಿಜ. ಒಗ್ಗುತ್ತದೆ. ನನ್ನನ್ನು ಕಾಡುತ್ತಿರುವುದು ಅದೇ ಮಾತು. ಕನ್ನಡದಲ್ಲಿ ಒಗ್ಗುವುದು ಬೇರೆ, ಹೊಂದುವುದು ಬೇರೆ. ಹೊಂದುವ ಚಪ್ಪಲಿಯನ್ನು ಹಾಕಿಕೊಂಡ ಮೇಲೆ ಮರೆತುಬಿಡುತ್ತೇವೆ. ಒಗ್ಗುವ ಚಪ್ಪಲಿ ಕಾಲಿನ ಆಕಾರವನ್ನೇ ಕೊಂಚ ಬದಲಿಸಿರುತ್ತದೆ. ಒಂದು ವಸ್ತು ನಮಗೆ ಒಗ್ಗಿತು ಎಂಬುದರಿಂದ ಅದು ನಮಗೆ ಹೊಂದುತ್ತದೆ ಎಂದು ತೀರ್ಮಾನಿಸಬಹುದೆ? ಫೋನಿನ ವಿಷಯದಲ್ಲಿ ಈ ಪ್ರಶ್ನೆ ಕ್ಷುಲ್ಲಕವಾಗಿ ಕಾಣಬಹುದು. ಆದರೆ ದಿನಕ್ಕೆ ನೂರು ಸಲ ಕೈಗೆ ತೆಗೆದುಕೊಳ್ಳುವ ಇನ್ನೊಂದು ವಸ್ತು ನನ್ನ ಬಳಿಯಂತೂ ಇಲ್ಲ.

ಚರಿತ್ರೆಯನ್ನು ಸ್ವಲ್ಪ ನೋಡೋಣ. 2007ರ ಮೊದಲ ಐಫೋನಿನ ಪರದೆ 3.5 ಇಂಚು, ತೂಕ 135 ಗ್ರಾಂ. 2010ರಲ್ಲಿ ಸ್ಟೀವ್ ಜಾಬ್ಸ್ ಪತ್ರಕರ್ತರ ಮುಂದೆ, ಕೈ ಸುತ್ತಿ ಹಿಡಿಯಲಾಗದ ಫೋನನ್ನು ಯಾರೂ ಕೊಳ್ಳುವುದಿಲ್ಲವೆಂದು ಹೇಳಿದರು. ಮರುವರ್ಷವೇ ಸ್ಯಾಮ್‌ಸಂಗ್ 5.3 ಇಂಚಿನ ಗ್ಯಾಲಕ್ಸಿ ನೋಟ್ ತಂದಿತು. ಅದನ್ನು ಕಿವಿಗಿಟ್ಟುಕೊಂಡವರು ಹಲಗೆ ಹಿಡಿದಂತೆ ಕಾಣುತ್ತಾರೆಂದು ಜನ ನಕ್ಕರು, ಫೋನೂ ಅಲ್ಲದ ಟ್ಯಾಬ್ಲೆಟ್ಟೂ ಅಲ್ಲದ ಅದಕ್ಕೆ 'ಫ್ಯಾಬ್ಲೆಟ್' ಎಂಬ ಹೆಸರು ಅಂಟಿತು. ನಗು ಹೆಚ್ಚು ದಿನ ಉಳಿಯಲಿಲ್ಲ. 2014ರಲ್ಲಿ ಆ್ಯಪಲ್ ಕಂಪನಿಯೇ 5.5 ಇಂಚಿನದನ್ನು ಮಾರಿತು. 2020ರಲ್ಲಿ ಅದೇ ಕಂಪನಿ ಚಿಕ್ಕ ಫೋನು ಬೇಕೆನ್ನುವವರಿಗಾಗಿ ಒಂದು 'ಮಿನಿ' ತಂದಾಗ ಅದರ ಪರದೆ 5.4 ಇಂಚು. ಕರ್ಣದ ಲೆಕ್ಕದಲ್ಲಿ ಒಂಬತ್ತು ವರ್ಷದ ಹಿಂದಿನ ದೈತ್ಯನಿಗಿಂತ ಈ ಕುಬ್ಜನೇ ಒಂದು ಕೂದಲು ದೊಡ್ಡವನು! ಅಂಗೈಯ ಲೆಕ್ಕ ಬೇರೆಯೇ: ನೋಟ್‌ನ ಮೈಯಗಲ 83 ಮಿಲಿಮೀಟರ್, ಮಿನಿಯದು 64. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುವ ಸಂಖ್ಯೆಗೂ ನನ್ನ ಕೈಗೂ ಎಷ್ಟು ಸಂಬಂಧವಿದೆ ಎಂಬುದಕ್ಕೆ ಇಷ್ಟು ಸಾಕು. ಮಿನಿ ಎರಡೇ ವರ್ಷ ಬಂತು. 2022ರಲ್ಲಿ ಅದರ ಜಾಗಕ್ಕೆ 6.7 ಇಂಚಿನ 'ಪ್ಲಸ್' ಬಂದು ಕೂತಿತು.

ಇಲ್ಲಿಗೆ ಸಾಮಾನ್ಯವಾಗಿ ಒಂದು ವಾದ ಹಾಜರಾಗುತ್ತದೆ: ಜನ ದೊಡ್ಡದನ್ನೇ ಬಯಸಿದರು, ಮಾರುಕಟ್ಟೆ ಕೊಟ್ಟಿತು, ಅಷ್ಟೇ. ನಾರ್ವೆಯ ಚಿಂತಕ ಯೂನ್ ಎಲ್‌ಸ್ಟರ್ 1983ರಲ್ಲಿ 'ಸೋರ್ ಗ್ರೇಪ್ಸ್' ಎಂಬ ಪುಸ್ತಕ ಬರೆದರು. ನರಿ ಮತ್ತು ದ್ರಾಕ್ಷಿಯ ಕಥೆಯನ್ನು ಹಿಡಿದು ಅವರು ಎತ್ತಿದ ಪ್ರಶ್ನೆ, ಸಿಗುವುದಕ್ಕೆ ತಕ್ಕಂತೆ ನಮ್ಮ ಆಸೆಗಳೇ ಬದಲಾಗಿಬಿಟ್ಟರೆ ಆ ಆಸೆಗಳನ್ನು ಸಾಕ್ಷಿಯಾಗಿ ಎಷ್ಟು ನಂಬಬೇಕು ಎಂಬುದು. ಎಟುಕದ ದ್ರಾಕ್ಷಿ ಹುಳಿ ಎಂದು ನರಿಗೆ ನಿಜವಾಗಿಯೂ ಅನ್ನಿಸಿರಬಹುದು. ಅದರಿಂದ ದ್ರಾಕ್ಷಿಯ ರುಚಿಯ ಬಗ್ಗೆ ನಮಗೇನೂ ತಿಳಿಯುವುದಿಲ್ಲ. ನನ್ನ ಹೆಬ್ಬೆರಳಿಗೆ ಎಟುಕದ ಎಡಮೂಲೆಯ ಬಗ್ಗೆಯೂ ಹಾಗೆಯೇ. ಹದಿನೈದು ಸಾವಿರದೊಳಗೆ ಸಿಗುವ ಫೋನುಗಳು ಹೆಚ್ಚುಕಡಿಮೆ ಎಲ್ಲವೂ 6.5 ಇಂಚಿನ ಮೇಲಿನವು. ಕೈಗೆ ಹಿಡಿಸುವ ಹೊಸ ಫೋನು ಬೇಕೆಂದರೆ ದುಬಾರಿ ಸಾಲಿಗೆ ಹೋಗಬೇಕು. ದೊಡ್ಡದು ಶ್ರೀಮಂತಿಕೆಯ ಗುರುತಾಗಿದ್ದ ಕಾಲ ಮುಗಿದು ಚಿಕ್ಕದೇ ಈಗ ಭೋಗದ ವಸ್ತುವಾಗಿದೆ. ಹೀಗಿರುವಾಗ 'ಜನ ಬಯಸಿದರು' ಎನ್ನುವುದರಲ್ಲಿ ಬಯಕೆ ಎಷ್ಟು, ಒಗ್ಗಿಕೊಂಡದ್ದು ಎಷ್ಟು?

ಯಾರ ಕೈ ಎಂಬ ಪ್ರಶ್ನೆಗೆ ಬರುತ್ತೇನೆ. ಸರಾಸರಿ ಹೆಣ್ಣಿನ ಕೈ ಸರಾಸರಿ ಗಂಡಿನ ಕೈಗಿಂತ ಚಿಕ್ಕದು. ಟರ್ಕಿ ಮೂಲದ ಸಮಾಜಶಾಸ್ತ್ರಜ್ಞೆ ಜೈನೆಪ್ ತುಫೆಕ್ಚಿ 2013ರಲ್ಲಿ ಇಸ್ತಾಂಬುಲ್‌ನ ಗೆಜಿ ಪಾರ್ಕ್ ಪ್ರತಿಭಟನೆಯ ನಡುವೆ ಒಂದೇ ಕೈಯಲ್ಲಿ ಫೋಟೊ ತೆಗೆಯಲು ಹೋಗಿ ಆಗದೆ ಹೋದದ್ದನ್ನು ಬರೆದಿದ್ದರು. ನನ್ನ ಅನುಭವ ಅಷ್ಟು ದೊಡ್ಡದಲ್ಲ. ಬೆಳಿಗ್ಗೆಯ ಬಸ್ಸಿನಲ್ಲಿ ನಿಂತಿರುತ್ತೇನೆ, ಒಂದು ಕೈ ಮೇಲಿನ ಸರಳಿಗೆ, ಇನ್ನೊಂದರಲ್ಲಿ ಫೋನು. ಅಂಗೈ ಮೀರಿದ ಫೋನಾದರೆ ಕಿರುಬೆರಳನ್ನು ಕೆಳಗೆ ಆಸರೆಗಿಟ್ಟು, ಉಳಿದ ಬೆರಳುಗಳಿಂದ ಒಂದು ತೊಟ್ಟಿಲು ಮಾಡಿ, ಹೆಬ್ಬೆರಳನ್ನು ಮೇಲಕ್ಕೆ ಎಳೆಯಬೇಕು. 230 ಗ್ರಾಂ ತೂಕದ ಗಾಜಿನ ಹಲಗೆ ಆಗ ತೂಗಾಡುತ್ತದೆ. ಚೂಡಿದಾರಕ್ಕೆ ಜೇಬಿಲ್ಲ, ಇದ್ದರೂ ಅದು ಬೆರಳೆರಡು ಆಳದ್ದು. ನಮ್ಮಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಯಡಿಕೆ ಸಂಚಿ ಇದಕ್ಕಿಂತ ಚೆನ್ನಾಗಿ ಯೋಚಿಸಿ ಮಾಡಿದ ವಸ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಬಗ್ಗಿದರೂ ಬೀಳುತ್ತಿರಲಿಲ್ಲ, ಎರಡೂ ಕೈ ಕೆಲಸಕ್ಕೆ ಖಾಲಿ ಇರುತ್ತಿದ್ದವು. ಅರಮನೆಯ ಸಂಚಿಗಾದರೋ ಹೊರಲು ಪ್ರತ್ಯೇಕ ಆಳು ಇರುತ್ತಿದ್ದರು. ಚಿಕ್ಕದೇವರಾಯರ ಕಾಲದ ಹೊನ್ನಮ್ಮನಿಗೆ ಸಂಚಿಯ ಹೊನ್ನಮ್ಮ ಎಂಬ ಹೆಸರು ಬಂದದ್ದೇ ಆ ಊಳಿಗದಿಂದ. ನಮ್ಮ ಫೋನುಗಳಿಗೆ ಆ ಅನುಕೂಲವಿಲ್ಲ.

ಒಂದು ಕೈ ಸಾಲದು ಎಂಬುದು ಬರೀ ಅನುಕೂಲದ ಮಾತೂ ಅಲ್ಲವೆಂದು ನನ್ನ ಅನಿಸಿಕೆ. ಒಂದೇ ಕೈ ಕೇಳುವ ಸಲಕರಣೆ ಇನ್ನೊಂದು ಕೈಯನ್ನು ಲೋಕಕ್ಕೆ ಬಿಟ್ಟುಕೊಡುತ್ತದೆ. ಆ ಕೈಯಿಂದ ಮಗುವನ್ನು ಹಿಡಿಯಬಹುದು, ಕೊಡೆ ಹಿಡಿಯಬಹುದು, ಎದುರಿಗೆ ಬಂದವರಿಗೆ 'ಬನ್ನಿ' ಎನ್ನಬಹುದು. ಎರಡೂ ಕೈ ಕೇಳುವ ವಸ್ತುವಿನ ಮುಂದೆ ನಾವು ಸ್ವಲ್ಪ ಬಾಗುತ್ತೇವೆ, ಮುಖ ಕೆಳಗಾಗುತ್ತದೆ. ಉಳಿದವರ ಪಾಲಿಗೆ ಅಷ್ಟು ಹೊತ್ತು ನಾವು ಇಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನನ್ನ ಮನೆಯವರಿಗೇ ಅನ್ಯಾಯವಾಗುತ್ತದೆ. ಊರಿನಲ್ಲಿ ನಮ್ಮ ಮನೆಯ ದೊಡ್ಡ ಫೋನನ್ನು ಕೈಯಲ್ಲಿ ಹಿಡಿಯುವುದು ಅಪರೂಪ. ಅದು ಅವಲಕ್ಕಿ ಡಬ್ಬಕ್ಕೆ ಒರಗಿ ನಿಂತಿರುತ್ತದೆ. 2020ರಲ್ಲಿ ಶಾಲೆ ಮುಚ್ಚಿದಾಗ ಅಣ್ಣನ ಮಗಳು ಅದರ ಮುಂದೆ ಕೂತೇ ಭಾಗಾಕಾರ ಕಲಿತಳು. ಚಾಳೀಸು ಬಂದ ಅಪ್ಪ ಅಕ್ಷರವನ್ನು ಆದಷ್ಟು ದೊಡ್ಡದು ಮಾಡಿಕೊಂಡು ಅಡಿಕೆ ಧಾರಣೆ ನೋಡುತ್ತಾರೆ. ರಾತ್ರಿ ನಾಲ್ಕು ತಲೆಗಳು ಒಟ್ಟಿಗೆ ಯಕ್ಷಗಾನ ನೋಡುತ್ತವೆ. ಆ ಮನೆಗೆ ಬೇರೆ ಕಂಪ್ಯೂಟರ್ ಇಲ್ಲ. ಅಲ್ಲಿ ಆ ಫೋನು ಕರಿಹಲಗೆ, ಟಿವಿ, ಪತ್ರಿಕೆ ಎಲ್ಲವೂ ಹೌದು. 6.1 ಇಂಚಿನ ಪರದೆಗಿಂತ 6.7ರದ್ದು ವಿಸ್ತೀರ್ಣದಲ್ಲಿ ಸುಮಾರು ಶೇ. 20ರಷ್ಟು ಹೆಚ್ಚು, ನಾಲ್ಕು ಜನ ಹಂಚಿಕೊಳ್ಳುವಾಗ ಅದು ಸಣ್ಣ ಲಾಭವಲ್ಲ. ನಮ್ಮ ಬಸ್ಸಿನಲ್ಲಿ ನಿಂತು ಆ ಮನೆಯ ಫೋನನ್ನು ಅತಿಯೆಂದು ಕರೆಯುವ ಹಕ್ಕು ನನಗಿಲ್ಲ.

ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ಮಧ್ಯಮ ಪ್ರಮಾಣದ ಬಗ್ಗೆ ಹೇಳುವಾಗ ಮಿಲೋ ಎಂಬ ಜಟ್ಟಿಯನ್ನು ಕರೆತರುತ್ತಾನೆ. ಹತ್ತು ಪಾಲು ಊಟ ಹೆಚ್ಚು, ಎರಡು ಪಾಲು ಕಡಿಮೆ ಎಂದಮಾತ್ರಕ್ಕೆ ತರಬೇತುದಾರ ಎಲ್ಲರಿಗೂ ಆರು ಪಾಲು ಬಡಿಸುವುದಿಲ್ಲ. ಆರು ಮಿಲೋಗೆ ಕಡಿಮೆಯಾದೀತು, ಹೊಸದಾಗಿ ಅಖಾಡಕ್ಕೆ ಇಳಿದವನಿಗೆ ಜಾಸ್ತಿಯಾದೀತು. ಸರಿಯಾದ ಅಳತೆ ವಸ್ತುವಿನಲ್ಲಿಲ್ಲ, ಉಣ್ಣುವವನನ್ನು ನೋಡಿ ಹೇಳಬೇಕು. ಈ ಮಾತನ್ನು ಕ್ಲಾಸಿನಲ್ಲಿ ಓದುವಾಗ ಇದು ಯಾರಿಗೆ ಗೊತ್ತಿಲ್ಲ ಎನ್ನಿಸಿತ್ತು. ಆದರೆ 'ಈ ಫೋನು ದಿನಬಳಕೆಗೆ ಸೂಕ್ತವೇ' ಎಂಬ ಪ್ರಶ್ನೆಯಲ್ಲಿ ನಾವು ಯಾರೂ ಅಲ್ಲದ ಒಬ್ಬ ಬಳಕೆದಾರನ, ಎಲ್ಲಿಯೂ ಇಲ್ಲದ ಒಂದು ದಿನವನ್ನು ಇಟ್ಟುಕೊಂಡೇ ಮಾತಾಡುತ್ತೇವೆ. ನಾನೀಗ ಫೋನುಗಳನ್ನು ಎರಡು ಜಾತಿಯಾಗಿ ನೋಡುತ್ತೇನೆ: ಹಿಡಿಯುವ ಫೋನು, ಇಡುವ ಫೋನು. ಮನೆಯದು ಇಡುವುದು. ಅದು ಎಷ್ಟು ದೊಡ್ಡದಿದ್ದರೂ ನಡೆಯುತ್ತದೆ.

ನನ್ನ ದಿನದಲ್ಲಿ ಒಂದು ತೊಡಕಿತ್ತು. ಹೆಚ್ಚು ಹೊತ್ತು ಮಾಡುವ ಕೆಲಸಕ್ಕೆ ತಕ್ಕ ಫೋನು ಕೊಳ್ಳಬೇಕೋ, ಹೆಚ್ಚು ಬೆಲೆಯುಳ್ಳದ್ದೆಂದು ನಾನು ತಿಳಿದ ಕೆಲಸಕ್ಕೆ ತಕ್ಕದ್ದನ್ನೋ? ಬಸ್ಸು, ಮೆಸೇಜು, ಹಾಜರಿ, ಹಣ ಪಾವತಿ ಇವು ಹೊತ್ತಿನ ಲೆಕ್ಕದಲ್ಲಿ ಮುಂದು. ಸಂಶೋಧನೆಗಾಗಿ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪ್ರತಿ ಓದುವುದು ಬೆಲೆಯ ಲೆಕ್ಕದಲ್ಲಿ ಮುಂದು. ದೊಡ್ಡ ಫೋನಿನ ಪರವಾಗಿ ನಾನೇ ನನಗೆ ಹೇಳಿಕೊಳ್ಳುತ್ತಿದ್ದ ಸಮರ್ಥನೆ ಈ ಎರಡನೆಯದು: ಓದಲಿಕ್ಕಾದರೂ ಬೇಕು. ಹೀಗೆ ಹೇಳಿಕೊಳ್ಳುವಾಗ ಒಂದು ಸಂಶಯ ಇದ್ದೇ ಇರುತ್ತದೆ, ನಾವು ಕೊಳ್ಳುವುದು ಆಗಬೇಕೆಂದಿರುವ ವ್ಯಕ್ತಿಗಾಗಿ, ಬಳಸುವುದು ಆಗಿರುವ ವ್ಯಕ್ತಿ ಎಂದು. ಆ ಸಂಶಯವನ್ನು ಬದಿಗಿಟ್ಟು ಸ್ಕೇಲು ಹಿಡಿದು ಕೂತೆ.

ಡೆಮಿ 1/8 ಆಕಾರದ ಕನ್ನಡ ಪುಸ್ತಕದ ಪುಟ ಸುಮಾರು 140 ಮಿ.ಮೀ. ಅಗಲ, 216 ಮಿ.ಮೀ. ಉದ್ದ. 20:9 ಪ್ರಮಾಣದ 6.7 ಇಂಚಿನ ಪರದೆಯ ಅಗಲ 70 ಮಿ.ಮೀ. ಪುಟ ಅಲ್ಲಿ ಸರಿಯಾಗಿ ಅರ್ಧಕ್ಕೆ ಕುಗ್ಗುತ್ತದೆ. 6.1 ಇಂಚಿನದರ ಅಗಲ 65. ಐದೇ ಮಿಲಿಮೀಟರ್ ವ್ಯತ್ಯಾಸ! ಹತ್ತು ವರ್ಷದ ಹಿಂದಿನ, 16:9 ಪ್ರಮಾಣದ 5.5 ಇಂಚಿನ ಪರದೆಯೊಂದಿಗೆ ಹೋಲಿಸಿದೆ. ಅದಕ್ಕೂ ಇವತ್ತಿನ 6.7ಕ್ಕೂ ಅಗಲದಲ್ಲಿ ಎರಡು ಮಿಲಿಮೀಟರ್ ಅಂತರವೂ ಇಲ್ಲ, ಉದ್ದ ಮಾತ್ರ 122ರಿಂದ 155ಕ್ಕೆ ಏರಿದೆ. ಅಂದರೆ ಈ ವರ್ಷಗಳಲ್ಲಿ ಫೋನು ದೊಡ್ಡದಾಗಿದ್ದಕ್ಕಿಂತ ಉದ್ದವಾಗಿದೆ. ಪುಟಕ್ಕೆ ಬೇಕಾಗಿದ್ದು ಅಗಲ. ಕನ್ನಡಕ್ಕಂತೂ ಇನ್ನಷ್ಟು ಬೇಕು. 'ಹೋಗಬೇಕಾಗಿರುವುದರಿಂದ' ಎಂಬ ಒಂದೇ ಪದ ಅಪ್ಪನ ಫೋನಿನಲ್ಲಿ ಒಂದಿಡೀ ಸಾಲು ತಿನ್ನುತ್ತದೆ, ಒತ್ತಕ್ಷರಗಳಿಗೆ ಕೆಳಗೆ ಬೇರೆ ಜಾಗ ಬಿಡಬೇಕು. ಹೆಚ್ಚಿದ ಉದ್ದ ಯಾರಿಗೆ ಬೇಕಾಗಿತ್ತು? ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿದಷ್ಟೂ ಮುಗಿಯದೆ ಕೆಳಗಿನಿಂದ ಬರುತ್ತಲೇ ಇರುವ ಸಾಲಿಗೆ, ನಿಂತ ಆಕಾರದ ರೀಲ್ಸ್‌ಗೆ. ಓದಿನ ಹೆಸರಿನಲ್ಲಿ ಕೊಳ್ಳುವ ಉದ್ದ ಓದಿಗೆ ಬರುವುದೇ ಇಲ್ಲ. ಕಂಪನಿಗಳು ಇದನ್ನು ಮುಚ್ಚುಮರೆಯಿಂದ ಮಾಡಿದವು ಎನ್ನಲಾರೆ; ನಾವು ಏನನ್ನು ನೋಡುತ್ತೇವೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಗೆಳತಿಯ ಫೋನನ್ನು ಹಿಂದಿರುಗಿಸಿದೆ. ಫೆಲೋಶಿಪ್ ಹಣದಲ್ಲಿ ಹೊಸ ಚಿಕ್ಕ ಫೋನು ಕೊಳ್ಳುವುದು ಆಗದ ಮಾತು, ಹಾಗಾಗಿ ಇನ್ನೂ ಎರಡು ಮೂರು ವರ್ಷ ಅಪ್‌ಡೇಟ್ ಸಿಗುವ, ಯಾರೋ ಬಳಸಿ ಬಿಟ್ಟ 6.1 ಇಂಚಿನದನ್ನು ತೆಗೆದುಕೊಂಡೆ. ಎಡಮೂಲೆ ಹೆಬ್ಬೆರಳಿಗೆ ಪೂರ್ತಿ ಎಟುಕುವುದಿಲ್ಲ, ಆದರೆ ಬಸ್ಸಿನಲ್ಲಿ ಸರಳು ಬಿಡಬೇಕಾಗಿಲ್ಲ. ಇದನ್ನು ಅಡ್ಡ ಹಿಡಿದರೆ ಪರದೆಯ ಉದ್ದ 140 ಮಿ.ಮೀ. ಚಿಲ್ಲರೆ, ಡೆಮಿ ಪುಟದ ಅಗಲ ಅದರದ್ದೇ ಅಳತೆಯಲ್ಲಿ ಕೂರುತ್ತದೆ, ಅಕ್ಷರಗಳು ಅಚ್ಚಿನಲ್ಲಿದ್ದಷ್ಟೇ ದೊಡ್ಡದಾಗಿ ಕಾಣುತ್ತವೆ. ಕಾಣುವುದು ಮಾತ್ರ ಪುಟದ ಮೂರರಲ್ಲೊಂದು ಪಾಲಿಗಿಂತ ಕಡಿಮೆ. ಎಂಟು ಹತ್ತು ಸಾಲು ಓದಿ ಸರಿಸಬೇಕು, ಸರಿದು ಹೋದ ಸಾಲುಗಳನ್ನು ತಲೆಯಲ್ಲಿ ಇಟ್ಟುಕೊಂಡು ಮುಂದಕ್ಕೆ ಓದಬೇಕು.