ಮಾತನಾಡದವನ ಹೆಬ್ಬೆಟ್ಟು

ಕೆಲವು ವರ್ಷಗಳ ಹಿಂದೆ ಸಂಪಾಜೆಯ ನನ್ನ ಅಡಿಕೆ-ಕಾಳುಮೆಣಸಿನ ಅಂಗಡಿಗೆ ಪರಿಚಯದ ಕುಟುಂಬವೊಂದು ಪಾಲುಪಟ್ಟಿಯ ಕಾಗದದೊಡನೆ ಬಂದಿತು. ಮನೆಯ ಕಿರಿಯ ಮಗನಿಗೆ ಆಟಿಸಂ. ಇಪ್ಪತ್ತು ದಾಟಿದರೂ ಮಾತು ಬಂದಿರಲಿಲ್ಲ. ತೋಟದಲ್ಲಿನ ತನ್ನ ಹಕ್ಕನ್ನು ಅವನು ‘ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ’ ಅಣ್ಣಂದಿರಿಗೆ ಬಿಟ್ಟುಕೊಟ್ಟಿರುವನೆಂದು ಅದರಲ್ಲಿ ಬರೆದಿತ್ತು. ಹೆಬ್ಬೆರಳಿಗೆ ಮಸಿ ಹಚ್ಚುವಾಗ ಹುಡುಗ ಎರಡು ಸಲ ಕೈಯನ್ನು ಹಿಂದೆಗೆದುಕೊಂಡ. “ಅವನಿಗೇನು ತಿಳಿಯುತ್ತದೆ ಸಾಹುಕಾರರೇ, ಜೀವಮಾನವಿಡೀ ನೋಡಿಕೊಳ್ಳುವವರು ನಾವೇ ಅಲ್ಲವೇ?” ಎಂದರು. ಅವರ ಅಕ್ಕರೆಯಲ್ಲಿ ನನಗೆ ಈಗಲೂ ಸಂಶಯವಿಲ್ಲ. ನಾನು ಸಾಕ್ಷಿ ಹಾಕಿದೆ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲೊಂದಾದ ಕೂಟಲೇಖಕ್ರಿಯೆಯೆಂದರೆ ಖೋಟಾ ದಸ್ತಾವೇಜು ಎಂದಷ್ಟೇ ವರ್ತಕರಾದ ನಾವು ತಿಳಿದಿರುತ್ತೇವೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಕೊಡುವ ವಿವರಣೆ ಇನ್ನೂ ಸೂಕ್ಷ್ಮವಾದುದು: ಒಬ್ಬನು ಆಡದುದನ್ನು, ಮಾಡದುದನ್ನು, ಪರರ ಪ್ರೇರಣೆಯಿಂದ, ಅವನೇ ಆಡಿದನು, ಮಾಡಿದನು ಎಂದು ವಂಚನೆಗಾಗಿ ಬರೆಯುವುದು. ಅಲ್ಲಿ ವಂಚನೆಯ ಉದ್ದೇಶವಿರಲಿಲ್ಲವೆಂದು ನಾನು ಬಹುದಿನ ಸಮಾಧಾನ ಹೇಳಿಕೊಂಡೆ. ಆದರೆ ಒಬ್ಬರ ಖಾತೆಗೆ ಅವರ ಒಪ್ಪಿಗೆಯಿಲ್ಲದೆ ಬರೆದ ಖರ್ಚು, ಬರೆದವನ ಮನಸ್ಸು ಒಳ್ಳೆಯದೆಂಬ ಕಾರಣಕ್ಕೆ ಸರಿಯಾದ ಲೆಕ್ಕವಾಗುವುದುಂಟೆ?

ಮಾತಿಲ್ಲದಿರುವುದು ಬೇರೆ, ತಿಳಿವಿಲ್ಲದಿರುವುದು ಬೇರೆ. ಹಿಂದೆಗೆದುಕೊಂಡ ಕೈಯೂ ಒಂದು ಉತ್ತರವೇ. ಚಿತ್ರ ತೋರಿಸಿ, ಅಕ್ಷರ ಮುಟ್ಟಿ, ಯಂತ್ರದ ಗುಂಡಿಯೊತ್ತಿ ತಮ್ಮ ಇಚ್ಛೆಯನ್ನು ತಿಳಿಸುವವರು ಇದ್ದಾರೆ. ಸಂಜ್ಞೆಗಳನ್ನೂ ಇಂತಹ ಪರ್ಯಾಯ ವಿಧಾನಗಳನ್ನೂ ಸಂವಹನವೆಂದೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನ್ಯ ಮಾಡಿದೆ. ಆಸ್ತಿಯ ಹಕ್ಕನ್ನು ಎಲ್ಲರಿಗೂ ಸಮನಾಗಿ ಹೇಳಿದೆ. ಆ ಕಾಯ್ದೆಯ ಸೀಮಿತ ಪಾಲಕತ್ವದಲ್ಲಿ ಪಾಲಕನು ಆ ವ್ಯಕ್ತಿಯೊಡನೆ ಸಮಾಲೋಚಿಸಿ, ಕೂಡಿಯೇ ನಿರ್ಧರಿಸಬೇಕು.

ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ಒಂದು ದೋಷವಾದರೆ, ಮಮತೆಯಿಂದ ಅವರ ಹೆಸರಿನಲ್ಲಿ ನಾವೇ ಮಾತು ಕಟ್ಟುವುದು ಇನ್ನೊಂದು. ಇದು ಹೆಚ್ಚು ಜಟಿಲವಾದುದು. 1989ರಲ್ಲಿ ಜನಿಸಿ, ಬಾಲ್ಯದ ಕೆಲವು ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಟೀಟೊ ರಾಜರ್ಷಿ ಮುಖೋಪಾಧ್ಯಾಯರಿಗೆ ತಾಯಿ ಸೋಮಾ ಅಕ್ಷರಫಲಕದಿಂದ ಕಲಿಸಿದರು. ಮಗನು ಸ್ವತಃ ಕೈಬರಹವನ್ನೂ ಕಲಿತು, 2000ದಲ್ಲಿ ಅವರ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು. ಆದರೆ ಇನ್ನೊಬ್ಬರು ಕೈಹಿಡಿದು ಬರೆಯಿಸುವ ಪದ್ಧತಿಯನ್ನೂ, ಫಲಕ ಹಿಡಿದು ಪ್ರೇರೇಪಿಸುವ ಪದ್ಧತಿಯನ್ನೂ ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಒಪ್ಪಲಿಲ್ಲ. ಹಿಡಿದವರ ಇಂಗಿತವೇ, ಅವರಿಗೂ ಅರಿಯದಂತೆ, ಉತ್ತರವಾಗಿ ಬರಬಹುದೆಂಬುದು ಕಾರಣ. ತಾಯಂದಿರಿಗೆ ಇದು ಕಠಿಣವಾದ ಮಾತು. ಆದರೂ ಈ ಎಚ್ಚರವಿಲ್ಲದಿದ್ದರೆ ಮಗುವಿನ ಮಾತು ಯಾವುದು, ನಮ್ಮ ಮಾತು ಯಾವುದು ಎಂದು ತಿಳಿಯುವ ಬಗೆಯೇ ಇಲ್ಲ. ನೆರವಿನ ಕೈ ದೂರವಾದ ಮೇಲೂ ಉಳಿಯುವ ಉತ್ತರವನ್ನೇ ನಂಬಬೇಕು, ಅದು ‘ಬೇಡ’ ಎಂದಿದ್ದರೂ.

ಆ ಹುಡುಗ ಈಗಲೂ ಅಂಗಡಿಗೆ ಬರುತ್ತಾನೆ. ಮೊದಲು ಅವನ ಅಣ್ಣನನ್ನು ಕೇಳಿ ಕಡಲೆಮಿಠಾಯಿ ಕೊಡುತ್ತಿದ್ದೆ. ಈಗ ಮಿಠಾಯಿಯನ್ನೂ ಬಾಳೆಹಣ್ಣನ್ನೂ ಮೇಜಿನ ಮೇಲಿಟ್ಟು ಸುಮ್ಮನೆ ಕಾಯುತ್ತೇನೆ. ಹೆಚ್ಚಾಗಿ ಹಣ್ಣನ್ನೇ ತೆಗೆದುಕೊಳ್ಳುತ್ತಾನೆ. ಕೆಲವೊಮ್ಮೆ ಎರಡನ್ನೂ ಬಿಟ್ಟು ಹೊರಡುತ್ತಾನೆ. ಕಾಗದದಲ್ಲಿ ನನ್ನ ಸಹಿ ಹಾಗೆಯೇ ಇದೆ. ಅದನ್ನು ಮತ್ತೆ ಬರೆಯಿಸಲು ಅವನ ಅಣ್ಣಂದಿರೊಡನೆ ಮಾತು ತೆಗೆದಿದ್ದೇನೆ.