ತಳಕ್ಕಿಳಿದ ಕೆಸರು

ಕದಡಿದ ನೀರಿಗೆ ಕತಕಬೀಜವನ್ನು, ಎಂದರೆ ಚಿಲ್ಲದ ಬೀಜವನ್ನು, ತೇಯ್ದು ಹಾಕಿದರೆ ಕೆಸರು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಕರ್ಮದ ಉಪಶಮವನ್ನು ವಿವರಿಸಲು ಈ ದೃಷ್ಟಾಂತವನ್ನೇ ಆರಿಸಿಕೊಂಡರು. ಅದೇ ತಿಳಿನೀರನ್ನು ಬೇರೊಂದು ಶುಚಿಯಾದ ಪಾತ್ರೆಗೆ ಬಗ್ಗಿಸಿಕೊಂಡರೆ ಕೆಸರಿನ ಸಂಬಂಧವೇ ತಪ್ಪಿತು, ಅದು ಕ್ಷಯ. ಮೇಲಿನಿಂದ ನೋಡುವವನಿಗೆ ಎರಡು ನೀರೂ ಒಂದೇ. ಭೇದವಿರುವುದು ತಳದಲ್ಲಿ. ಹನ್ನೊಂದನೆಯ ಗುಣಸ್ಥಾನವಾದ ಉಪಶಾಂತಮೋಹದಿಂದ ಜೀವನು ಕೆಳಗೆ ಜಾರಲೇಬೇಕೆಂಬುದು ಶ್ರಾವಕರಿಗೆ ಹೊಸ ಮಾತಲ್ಲ.

ಆಚಾರ್ಯರಿಗೆ ದೃಷ್ಟಾಂತವಾಗಿದ್ದುದು ಈ ಕಾಲದ ನದಿಗಳಲ್ಲಿ ಪ್ರತ್ಯಕ್ಷವಾದ ಪ್ರಶ್ನೆಯೇ ಆಗಿದೆ. ಕಾರ್ಖಾನೆಗಳ ವಿಷವು ನದಿಯ ತಳದ ಹೂಳಿನಲ್ಲಿ ಸೇರಿಕೊಂಡಾಗ ಮಾಡಬಹುದಾದ ಉಪಾಯಗಳು ಮುಖ್ಯವಾಗಿ ಮೂರು: ಹೂಳನ್ನು ತೋಡಿ ತೆಗೆಯುವುದು, ಅದರ ಮೇಲೆ ಮರಳಿನ ಹೊದಿಕೆ ಹಾಸುವುದು, ಏನನ್ನೂ ಮುಟ್ಟದೆ, ಪರೀಕ್ಷಿಸುತ್ತ, ಪ್ರಕೃತಿಗೇ ಬಿಡುವುದು. ಮೂರನೆಯದಕ್ಕೆ ಸ್ವಾಭಾವಿಕ ಚೇತರಿಕೆ ಎಂದು ಹೆಸರು. ಹೆಸರು ಸೌಮ್ಯವಾಗಿದೆ. ಆದರೆ ಸುಮ್ಮನಿರುವುದು ಎಲ್ಲಿ ತಾಳ್ಮೆ, ಎಲ್ಲಿ ಪ್ರಮಾದ ಎಂಬುದನ್ನು ಹೆಸರು ಹೇಳುವುದಿಲ್ಲ.

ಅಮೆರಿಕದ ವರ್ಜೀನಿಯಾ ಪ್ರಾಂತದ ಜೇಮ್ಸ್ ನದಿಯ ವೃತ್ತಾಂತ ಇಲ್ಲಿ ವಿಚಾರಾರ್ಹವಾದುದು. ಆ ನದಿಯ ದಡದ ಹೋಪ್‌ವೆಲ್ ಪಟ್ಟಣದಲ್ಲಿ ಕೀಪೋನ್ ಎಂಬ ಕೀಟನಾಶಕವನ್ನು ತಯಾರಿಸುತ್ತಿದ್ದರು. ಇರುವೆ, ಜಿರಲೆಗಳನ್ನು ಕೊಲ್ಲಲು ಬಳಸುತ್ತಿದ್ದ ಆ ಪುಡಿ ಮೊದಲು ತಗುಲಿದ್ದು ಅದನ್ನು ತಯಾರಿಸುತ್ತಿದ್ದ ಕೂಲಿಗಳಿಗೆ. ಅವರ ಕೈಕಾಲುಗಳು ನಡುಗತೊಡಗಿದವು. 1975ರ ಜುಲೈಯಲ್ಲಿ ಕಾರ್ಖಾನೆ ಮುಚ್ಚಿತು. ಆ ವೇಳೆಗೆ ವಿಷವು ಚರಂಡಿಯ ಮಾರ್ಗವಾಗಿ ನದಿಯನ್ನು ಸೇರಿಯಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಜ್ಯಪಾಲರು ನದಿಯ ಕೆಳಭಾಗದಲ್ಲಿ ಮೀನುಗಾರಿಕೆಯನ್ನು ನಿಷೇಧಿಸಿದರು. ಹೂಳನ್ನೆಲ್ಲ ತೋಡಿ ತೆಗೆಯಲು ನೂರಾರು ಕೋಟಿ ಡಾಲರುಗಳು ಬೇಕೆಂದು ಲೆಕ್ಕ ಹಾಕಿದರು. ತೋಡಿದರೆ ತಳದ ವಿಷವು ಮತ್ತೆ ಮೇಲೇಳುವ ಭಯವೂ ಇತ್ತು. ಕೊನೆಗೆ ನದಿಯನ್ನು ಅದರ ಪಾಡಿಗೆ ಬಿಟ್ಟರು.

ವರ್ಷ ವರ್ಷವೂ ಹೊಸ ಹೂಳು ಬಂದು ಹಳೆಯದರ ಮೇಲೆ ಕುಳಿತಿತು. ಮೀನುಗಳ ಮೈಯಲ್ಲಿ ವಿಷದ ಪ್ರಮಾಣ ಇಳಿಯಿತು. 1988ರ ಹೊತ್ತಿಗೆ ನಿಷೇಧಗಳು ತೆರವಾದವು. ಆದರೆ ಕೀಪೋನ್ ಬಹು ಹಟಮಾರಿ ದ್ರವ್ಯ. ಅದು ಸುಲಭವಾಗಿ ಒಡೆದು ನಾಶವಾಗುವುದಿಲ್ಲ. ಇದೇ ವಿಷವನ್ನು 1993ರವರೆಗೂ ಬಾಳೆಯ ತೋಟಗಳಿಗೆ ಎರಚಿದ ಫ್ರೆಂಚರ ಮಾರ್ಟಿನಿಕ್ ಮತ್ತು ಗ್ವಾಡಲೂಪ್ ದ್ವೀಪಗಳ ಮಣ್ಣಿನಲ್ಲಿ ಅದು ಇಂದಿಗೂ ಉಳಿದಿದೆ. ಜೇಮ್ಸ್ ನದಿಯಲ್ಲಿ ಆದದ್ದು ನಾಶವಲ್ಲ, ಮುಚ್ಚಿಕೆ. ಉಪಶಮವೇ ಹೊರತು ಕ್ಷಯವಲ್ಲ.

ಹಾಗಾದರೆ ತೋಡಲೇಬೇಕಾಗಿತ್ತೆ? ಅಹಿಂಸಾವ್ರತಿಯು ಇಲ್ಲಿ ಅವಸರಪಡಲಾರನು. ನದಿಯ ತಳವು ಬರಿಯ ಮಣ್ಣಲ್ಲ. ಹುಳು, ಚಿಪ್ಪಿನ ಪ್ರಾಣಿ, ಮರಿಮೀನುಗಳೆಂಬ ಅಸಂಖ್ಯಾತ ತ್ರಸಜೀವಿಗಳು ಅಲ್ಲಿ ನೆಲೆಸಿವೆ. ತೋಡುವ ಯಂತ್ರವು ಅವುಗಳ ನೆಲೆಯನ್ನೇ ಎತ್ತಿ ಹಾಕುತ್ತದೆ. ಬಿಟ್ಟರೆ ಅದೇ ಜೀವಿಗಳು ವಿಷವನ್ನುಂಡು, ಅವುಗಳನ್ನು ತಿಂದ ಮೀನಿಗೂ ಮೀನನ್ನು ತಿಂದ ಹಕ್ಕಿಗೂ ದಾಟಿಸುತ್ತವೆ. ಒಂದು ಕಡೆ ಕಣ್ಣಿಗೆ ಕಾಣುವ ಹಿಂಸೆ, ಇನ್ನೊಂದು ಕಡೆ ಕಾಣದ ಹಿಂಸೆ. ಮೀನನ್ನೇ ತಿನ್ನದ ಮನೆಯವರಿಗೆ ಮತ್ತೊಂದು ಸಂಗತಿ ತೋರದಿರದು: ನದಿ ಚೇತರಿಸಿತೆಂದು ಸಾರಿದ ಅಳತೆಯು ಮನುಷ್ಯನ ಊಟದ ಅಳತೆ. ಮೀನಿನ ಹತ್ತು ಲಕ್ಷ ಭಾಗದಲ್ಲಿ ಕೀಪೋನ್ 0.3 ಭಾಗಕ್ಕಿಂತ ಕಡಮೆಯಿದ್ದರೆ ಮಾರಬಹುದು ಎಂಬುದು ನಿಯಮ. ಮೀನಿಗೆ ಎಷ್ಟು ಸಹ್ಯ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ.

ಆದರೂ ಜೇಮ್ಸ್ ನದಿಯನ್ನು ಬಿಟ್ಟದ್ದು ಸರಿಯೆಂದೇ ತೋರುತ್ತದೆ. ವಿಷದ ಮೂಲವು 1975ರಲ್ಲಿಯೇ ಮುಚ್ಚಿತ್ತು; ಸಂವರವಿಲ್ಲದೆ ನಿರ್ಜರೆಯ ಮಾತಾಡುವುದು ವ್ಯರ್ಥ. ಸಮುದ್ರಕ್ಕೆ ಸಮೀಪವಾದ ಆ ಭಾಗದಲ್ಲಿ ಹೂಳು ಕೊಚ್ಚಿಹೋಗುವುದಕ್ಕಿಂತ ಹೆಚ್ಚಾಗಿ ಕುಳಿತುಕೊಳ್ಳುತ್ತದೆ. ಪರೀಕ್ಷೆಯೂ ನಿಲ್ಲಲಿಲ್ಲ. 2005ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಈ ವಿಷಯದಲ್ಲಿ ಹೊರಡಿಸಿದ ಮಾರ್ಗದರ್ಶಿಯೂ ಮೂಲದ ನಿಯಂತ್ರಣಕ್ಕೆ, ಎಡೆಬಿಡದ ಪರೀಕ್ಷೆಗೆ ಒತ್ತು ಕೊಡುತ್ತದೆ.

ನ್ಯೂಯಾರ್ಕಿನ ಹಡ್ಸನ್ ನದಿಯಲ್ಲಿ ಇದೇ ಮಾತು ಬೇರೆ ಬಾಯಿಂದ ಬಂತು. 1947ರಿಂದ 1977ರವರೆಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎರಡು ಕಾರ್ಖಾನೆಗಳಿಂದ ಪಿಸಿಬಿ ಎಂಬ ವಿಷತೈಲವು ಲಕ್ಷಗಟ್ಟಲೆ ಪೌಂಡು ನದಿಗಿಳಿದಿತ್ತು. ನದಿ ತಾನಾಗಿಯೇ ಗುಣವಾಗುತ್ತಿದೆ, ಕೆದಕುವುದು ಬೇಡ ಎಂದು ವಾದಿಸಿದ್ದು ಆ ಕಂಪನಿಯೇ. ಸಾಲಗಾರನೇ ಸಾಲದ ಗಡುವನ್ನು ನಿಶ್ಚಯಿಸಿದಂತೆ! ವಾದವು ಸುಳ್ಳೆಂದು ಇದರಿಂದಲೇ ಸಿದ್ಧವಾಗದು. ಆದರೆ ಕಾಯುವ ಕಷ್ಟ ಯಾರದು, ಕಾಯುವುದರ ಲಾಭ ಯಾರದು ಎಂದು ಕೇಳಲೇಬೇಕಾಗುತ್ತದೆ. ಜೇಮ್ಸ್ ನದಿಯಲ್ಲಿಯೂ ಹದಿಮೂರು ವರ್ಷಗಳ ಕಾಯುವಿಕೆ ಬೆಸ್ತರ ಹೆಗಲಿಗೆ ಬಿದ್ದಿತ್ತು. ತನ್ನ ಇಚ್ಛೆಯಿಂದ ಉಣ್ಣದಿರುವುದು ಉಪವಾಸ. ಪರರ ತಪ್ಪಿಗಾಗಿ ತನ್ನ ಅನ್ನ ತಪ್ಪಿದರೆ ಅದಕ್ಕೆ ಆ ಹೆಸರಿಲ್ಲ.

ಹಡ್ಸನ್ ವಿಷಯದಲ್ಲಿ 2002ರಲ್ಲಿ ತೋಡಬೇಕೆಂದೇ ತೀರ್ಮಾನವಾಯಿತು. 2009ರಿಂದ 2015ರವರೆಗೆ ಕಂಪನಿಯ ವೆಚ್ಚದಲ್ಲಿ ಸುಮಾರು 27 ಲಕ್ಷ ಘನಗಜ ಹೂಳನ್ನು ಎತ್ತಿದರು. ಎತ್ತಿದ ಮೇಲೂ ತಳದಲ್ಲಿ ಉಳಿದ ಅಂಶವನ್ನು ಪ್ರಕೃತಿಗೇ ಬಿಟ್ಟು, ಮೀನುಗಳನ್ನು ಹಿಡಿದು ಪರೀಕ್ಷಿಸುತ್ತ ಬಂದಿದ್ದಾರೆ. ಜೇಮ್ಸ್ ನದಿಯ ಮೀನುಗಳಲ್ಲಿಯೂ ಕಾರ್ಖಾನೆ ಮುಚ್ಚಿ ದಶಕಗಳು ಕಳೆದ ಮೇಲೆ ಕೀಪೋನಿನ ಲೇಶ ಕಾಣುತ್ತಲೇ ಇತ್ತು.